ಬಹಿಷ್ಕೃತ ವಿದ್ಯಾರ್ಥಿ ಸುಭಾಷಚಂದ್ರ

ಮುಂಬಯಿಯ ಕೋಟೆ ವಿಭಾಗದಲ್ಲಾಗಲಿ ಮಾಟುಂಗದಲ್ಲಾಗಲಿ ನಮ್ಮವರು ನಡೆಸುತ್ತಿದ್ದ ಅನೇಕ ಹೋಟೆಲುಗಳಲ್ಲಿ ಒಂದು ಕಾಲಕ್ಕೆ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಕುಲದೇವರ ಪಟದ ಪಕ್ಕದಲ್ಲಿಯೇ ಸೈನಿಕ ಉಡುಪನ್ನು ಧರಿಸಿದ ನೇತಾಜಿ ಸುಭಾಷಚಂದ್ರ ಬೋಸರ ಪಟವೂ ತೂಗುತ್ತಿದ್ದಿತು. ಆ ಪಟದೊಳಗಿನ ಸೇನಾನಿಯು ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಧ್ಯಾಪಕನೊಬ್ಬನ ಮೇಲೆ ಕೈಮಾಡಿದ ಆರೋಪವನ್ನು ಹೊತ್ತು ಕಾಲೇಜಿನಿಂದ ಹೊರಹಾಕಲ್ಪಟ್ಟವರೆಂಬ ಸಂಗತಿಯು, ದಿನವೂ ಬೆಳಿಗ್ಗೆ ಅದಕ್ಕೆ ಊದುಬತ್ತಿ ಬೆಳಗುತ್ತಿದ್ದವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ ನಾವರಿಯೆವು. ತಿಳಿದವರು ಅದನ್ನು ಎರಡು ವಿಧವಾಗಿ ಹೇಳುವುದನ್ನು ನಾವು ಕೇಳಿದ್ದೇವೆ. ಸೊಕ್ಕಿದ ಬಿಳಿಯನೊಬ್ಬನನ್ನು ಮೆಟ್ಟಿಲಿನಿಂದ ಕೆಳಗುರುಳಿಸಿದ ವೀರಕಥೆಯೆಂದು ಕೆಲವರು. ಕಾಲೇಜಿಗೆ ಹೋಗುವ ಮಕ್ಕಳ ಕಿವಿಗೆ ಬೀಳಬಾರದ ಪ್ರಸಂಗವೆಂದು ಮತ್ತೆ ಕೆಲವರು. ನಡೆದುದು ಇವೆರಡೂ ಅಲ್ಲ. ಆದುದರಿಂದಲೇ ಅದನ್ನು ಮೊದಲಿನಿಂದ ಹೇಳುವುದು ಉಚಿತವೆಂದು ನಮಗೆ ತೋರಿದೆ.

ಸುಭಾಷರು ಜನಿಸಿದುದು 1897ನೆಯ ಇಸವಿ ಜನವರಿ 23ರಂದು, ಒರಿಸ್ಸಾದ ಕಟಕ ನಗರದಲ್ಲಿ. ತಂದೆ ಜಾನಕಿನಾಥ ಬೋಸರು ಅಲ್ಲಿನ ಹೆಸರುವಾಸಿ ವಕೀಲರು, ಸರಕಾರಿ ಪ್ಲೀಡರರು, ರಾಯಬಹಾದೂರ್ ಪದವಿ ಪಡೆದವರು. ತಾಯಿ ಪ್ರಭಾವತಿದೇವಿ. ಹದಿನಾಲ್ಕು ಮಕ್ಕಳ ತುಂಬು ಸಂಸಾರದಲ್ಲಿ ಸುಭಾಷರು ಒಂಬತ್ತನೆಯವರು. ಮೊದಲು ಪಾದ್ರಿಗಳ ಇಂಗ್ಲಿಷ್ ಶಾಲೆಯಲ್ಲಿಯೂ, 1909ರಿಂದ ರಾವೆನ್ಷಾ ಕಾಲೇಜಿಯೇಟ್ ಶಾಲೆಯಲ್ಲಿಯೂ ಅವರ ವಿದ್ಯಾಭ್ಯಾಸವಾಯಿತು. ಈ ಎರಡನೆಯ ಶಾಲೆಯ ಹೆಡ್ಮಾಸ್ಟರರು ಬೇಣಿಮಾಧವ ದಾಸರೆಂಬವರು. ಗದರಿಕೆಯಿಲ್ಲದೆ ಬರಿಯ ತಮ್ಮ ನಡತೆಯಿಂದಲೇ ಹುಡುಗರನ್ನು ಕಟ್ಟಿಹಾಕಬಲ್ಲವರು ಅವರು. ಅವರಿಗೆ ಬೇರೆ ಊರಿಗೆ ವರ್ಗವಾದಾಗ ಬಾಲಕ ಸುಭಾಷರ ಕಣ್ಣು ತುಂಬಿ ಬಂದಿತ್ತು. ಗುರುದ್ರೋಹಿ ಎಂಬ ಹೆಸರನ್ನು ಮುಂದೆ ಹೊರಬೇಕಾಗಿ ಬಂದ ಹುಡುಗನು ಗುರುವೊಬ್ಬರ ಅಗಲಿಕೆಗೆ ಅತ್ತವನೇ ಆಗಿದ್ದನೆಂಬುದನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಕಲಕತ್ತಾ ವಿಶ್ವವಿದ್ಯಾನಿಲಯಕ್ಕೆ ಎರಡನೆಯವರಾಗಿ ತೇರ್ಗಡೆ ಹೊಂದಿ ಸುಭಾಷರು ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಸರಕಾರದ ಕಾಲೇಜು ಅದು. ವಂಗದೇಶದ ಬುದ್ಧಿವಂತ ಹುಡುಗರೆಲ್ಲರ ಕಣ್ಣು ಅದರ ಮೇಲೆ. ಓದಿಗಿಂತ ಹೆಚ್ಚಾಗಿ ಆ ದಿನಗಳಲ್ಲಿ ಅವರನ್ನು ಸೆಳೆದುದು ವೈರಾಗ್ಯ. 1914ರ ಬೇಸಗೆಯಲ್ಲಿ ಮನೆಯವರಿಗೆ ಹೇಳದೆಯೇ ಗುರುವನ್ನು ಅರಸುತ್ತ ಹೃಷೀಕೇಶ, ಹರಿದ್ವಾರ, ಮಥುರಾ, ವೃಂದಾವನ, ಕಾಶಿ, ಗಯೆಗಳನ್ನೆಲ್ಲ ಸುತ್ತಿ, ಗುರು ಸಿಕ್ಕದೆ ಹಿಂದಿರುಗಿ, ಟೈಫಾಯ್ಡ್ ಜ್ವರದಿಂದ ಹಾಸಿಗೆ ಹಿಡಿದರು. 1915ರಲ್ಲಿ ಇಂಟರ್ಮೀಡಿಯೆಟ್ ಮುಗಿಸಿ ತತ್ತ್ವಶಾಸ್ತ್ರವನ್ನು ಆನರ್ಸ್ ವಿಷಯವಾಗಿ ತೆಗೆದುಕೊಂಡರು.

ಆ ಕಾಲದ ಕಲಕತ್ತೆಯ ವಾತಾವರಣವನ್ನು ಕುರಿತು ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗಲಾರದು. ಟ್ರಾಮ್ ಗಾಡಿಗಳಲ್ಲಿ ಆಂಗ್ಲರು ಎದುರಿನ ಪೀಠದ ಮೇಲೆ ಬೂಟುಗಾಲನ್ನಿಟ್ಟು, ಅಲ್ಲಿ ಕುಳಿತ ಹಿಂದೀಯನ ಮೈಗೆ ಅದು ತಾಗುವಂತೆ ಚಾಚುತ್ತಿದ್ದರಂತೆ. ಕಚೇರಿಗೆ ಹೋಗುವ ಬಡ ಗುಮಾಸ್ತರು ಕೆಲಸದ ಭಯದಿಂದ ಅದನ್ನು ನುಂಗಿಕೊಳ್ಳುತ್ತಿದ್ದರು; ಕಾಲೇಜಿನ ಹುಡುಗರಿಗೆ ಕಳೆದುಕೊಳ್ಳಲು ಕೆಲಸವಿರಲಿಲ್ಲವಾದುದರಿಂದ ಮಾತಿಗೆ ಮಾತು ಬೆಳೆಯುತ್ತಿತ್ತು. ಸುಭಾಷರೇ ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1937ರ ದಶಂಬರದಲ್ಲಿ ಆಸ್ಟ್ರಿಯಾ ದೇಶದ ಬಾಡ್‌ಗಸ್ಟೈನಿನಲ್ಲಿ ಕುಳಿತು ಸುಮಾರು ಹತ್ತು ದಿನಗಳಲ್ಲಿ ಅವರು ಬರೆದು, ಪೂರ್ತಿಗೊಳಿಸದೆ ಬಿಟ್ಟ ಆ ಗ್ರಂಥವೇ ನಾವು ಹೇಳಲಿರುವ ಪ್ರಸಂಗಕ್ಕೆ ಮುಖ್ಯವಾದ ಆಧಾರ.

1916ರ ಜನವರಿ 10. ಸುಭಾಷರು ಕಾಲೇಜಿನ ಪುಸ್ತಕಭಂಡಾರದಲ್ಲಿದ್ದರು. ತಮ್ಮ ವರ್ಗದ ಕೆಲವು ಹುಡುಗರ ಮೇಲೆ ಚರಿತ್ರೆಯ ಪ್ರೊಫೆಸರ್ ಎಡ್ವರ್ಡ್ ಫಾರ್ಲಿ ಓಟನ್ ಸಾಹೇಬರು ಕೈಮಾಡಿದರೆಂಬ ಸುದ್ದಿ ಅಲ್ಲಿಗೆ ಬಂತು. ಓಟನರ ಪಾಠ ನಡೆಯುತ್ತಿದ್ದ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಹುಡುಗರು ನಡೆದುಹೋಗುತ್ತಿದ್ದರು. ಗದ್ದಲವಾಯಿತೆಂದು ಕೆರಳಿದ ಅವರು ಹೊರಗೆ ಬಂದು ಮುಂದಿದ್ದವರನ್ನು ಬಲವಾಗಿ ಹಿಂದಕ್ಕೆ ತಳ್ಳಿದರು. ಆ ಕಾಲೇಜಿನಲ್ಲಿ ಪ್ರತಿ ವರ್ಗಕ್ಕೂ ಒಬ್ಬ ಪ್ರತಿನಿಧಿಯಿದ್ದು, ಸಾಮಾನ್ಯ ವಿಷಯಗಳಲ್ಲಿ ಪ್ರಿನ್ಸಿಪಾಲರು ಅವರ ಅಭಿಪ್ರಾಯವನ್ನು ಕೇಳುವ ಪದ್ಧತಿಯಿದ್ದಿತು. ತಮ್ಮ ವರ್ಗದ ಪ್ರತಿನಿಧಿಯಾಗಿದ್ದ ಸುಭಾಷರು ಪ್ರಿನ್ಸಿಪಾಲ್ ಹೆನ್ರಿ ರೋಷರ್ ಜೇಮ್ಸ್ ಅವರಲ್ಲಿಗೆ ಹೋಗಿ, ಓಟನರು ಆ ಹುಡುಗರಲ್ಲಿ ಕ್ಷಮೆ ಕೇಳಿದರೆ ವಿಷಯ ಮುಗಿಯುವುದೆಂದು ತಿಳಿಸಿದರು. ಓಟನರು ಹಿಂದೂಸ್ಥಾನದ ಶಿಕ್ಷಣ ಸರ್ವಿಸಿಗೆ ಸೇರಿದವರು, ಅವರನ್ನು ತಾನು ಒತ್ತಾಯಿಸುವಂತಿಲ್ಲ, ಅಲ್ಲದೆ ಅವರು ಹುಡುಗರ ತೋಳು ಹಿಡಿದರೇ ವಿನಾ ಬಲಪ್ರಯೋಗ ಮಾಡಿಲ್ಲವೆಂದು ಜೇಮ್ಸ್ ಸಾಹೇಬರು ಉತ್ತರವಿತ್ತರು.

ಮರುದಿನವೇ ಕಾಲೇಜಿಗೆ ಕಾಲೇಜೇ ಮುಷ್ಕರ ಹೂಡಿತು. ಬೆದರಿಕೆಯೂ ಸಾಮೋಪಾಯವೂ ನಡೆಯಲಿಲ್ಲ. ಮುಸಲ್ಮಾನ ಹುಡುಗರನ್ನಾದರೂ ಒಡೆದು ಕರೆತರೋಣವೆಂದು ಮೌಲವಿಯವರು ಮಾಡಿದ ಪ್ರಯತ್ನವು ನಿಷ್ಫಲವಾಯಿತು. ಹುಡುಗರ ಪ್ರೀತಿಗೆ ಪಾತ್ರರಾದ ಆಚಾರ್ಯ ಪ್ರಫುಲ್ಲಚಂದ್ರ ರಾಯರಂಥವರು ಹೇಳಿದರೂ ಯಾರೂ ಕದಲಲಿಲ್ಲ. ಜೇಮ್ಸರು ಗೈರುಹಾಜರಾದವರೆಲ್ಲರಿಗೂ ದಂಡ ವಿಧಿಸಿದರು. ಎರಡನೆಯ ದಿನ ಮುಗಿಯುವ ಹೊತ್ತಿಗೆ ಓಟನರೇ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿದರು. ಉಭಯರಿಗೂ ಗೌರವವಾಗುವಂತೆ ರಾಜಿಯಾಯಿತು. ಹುಡುಗರು ಆದುದನ್ನು ಮರೆತು ಪಾಠಕ್ಕೆ ಕುಳಿತರು.

ಆ ದಂಡವನ್ನು ಅಂದೇ ರದ್ದುಗೊಳಿಸಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು ಎಂಬುದು ನಮ್ಮ ನಂಬಿಕೆ. ಪೆಟ್ಟು ಕೊಟ್ಟವರೂ ಪೆಟ್ಟು ತಿಂದವರೂ ಕೈಕುಲುಕಿದ ಮೇಲೆ ಮೂರನೆಯವರು ಲೆಕ್ಕದ ಪುಸ್ತಕವನ್ನು ಬಿಚ್ಚಿ ಕೂತರು. ಹುಡುಗರು ಬೇಡಿದರು; ಪ್ರೊಫೆಸರರೂ ಬೇಡಿದರು. ಬಡತನವನ್ನು ಅರಿಕೆ ಮಾಡಿಕೊಂಡವರ ಹೊರತು ಮಿಕ್ಕವರೆಲ್ಲ ತೆರಲೇಬೇಕೆಂದು ಪ್ರಿನ್ಸಿಪಾಲರು ಹಟ ಹಿಡಿದರು. ದಂಡದ ಹಣ ದೊಡ್ಡದಲ್ಲ. ಆದರೆ ನ್ಯಾಯ ತಮ್ಮ ಕಡೆಗಿತ್ತೆಂದು ಓಟನರೇ ಒಪ್ಪಿದಂತಾಗಿದ್ದಾಗಲೂ ತಪ್ಪಿತಸ್ಥರಂತೆ ಗುಮಾಸ್ತನ ಕಿಂಡಿಯೆದುರು ಸಾಲುಗಟ್ಟಿ ನಿಲ್ಲಬೇಕಾಯಿತಲ್ಲ ಎಂಬುದು ಹುಡುಗರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಪ್ರತಿನಿಧಿ ಹೋಗಿ ಹೇಳಿದರೂ ಫಲವಿಲ್ಲ, ಮುಷ್ಕರ ಹೂಡಿದರೂ ದಂಡ ತಪ್ಪದು ಎಂದಾದ ಮೇಲೆ ಮುಂದಿನ ಸಲಕ್ಕೆ ಅವರ ಕೈಯಲ್ಲಿ ಉಳಿದುದೇನು?

ಮುಂದಿನ ಸಲ ಒಂದು ತಿಂಗಳಲ್ಲಿಯೇ ಬಂದಿತು. ಫೆಬ್ರವರಿ 15ರಂದು ಓಟನರು ಮೊದಲನೆಯ ವರ್ಷದ ವಿದ್ಯಾರ್ಥಿಯೊಬ್ಬನ ಮೇಲೆ ಪುನಃ ಕೈಮಾಡಿದರೆಂಬ ದೂರು ಹಬ್ಬಿತು. ಕೆಲವು ಹುಡುಗರು ಯಾರಲ್ಲಿಗೂ ಹೋಗಲಿಲ್ಲ. ಕಾಲೇಜಿನ ಕೆಳ ಅಂತಸ್ತಿನಲ್ಲಿ ಓಟನರನ್ನು ಸುತ್ತುಗಟ್ಟಿ, ನೆಲಕ್ಕೆ ಕೆಡವಿ ಚೆನ್ನಾಗಿ ಥಳಿಸಿ ಓಡಿಹೋದರು.

ಇಲ್ಲಿ ನಾವು ನಮ್ಮ ಅಭಿಪ್ರಾಯವನ್ನು ಮರೆಮಾಡುವುದಿಲ್ಲ. ಒಬ್ಬನನ್ನು ಹಲವರು ಸುತ್ತುಗಟ್ಟಿ ಹೊಡೆಯುವುದು ಶೌರ್ಯವಲ್ಲ. ಹೊಡೆಸಿಕೊಂಡವನು ಆಂಗ್ಲನಾದ ಮಾತ್ರಕ್ಕೆ ಅದು ಶೌರ್ಯವಾಗುವುದಿಲ್ಲ. ಸುಭಾಷರೂ ಅದನ್ನು ಶೌರ್ಯವೆಂದು ಎಲ್ಲಿಯೂ ಬಣ್ಣಿಸಿಲ್ಲ. ಓಟನರನ್ನು ಹಿಂದಿನಿಂದ ಮೆಟ್ಟಿಲ ಕೆಳಗೆ ನೂಕಿದರೆಂಬ ಆರೋಪವೊಂದನ್ನು ಮಾತ್ರ ಅವರು ಖಂಡಿತವಾಗಿ ನಿರಾಕರಿಸಿದ್ದಾರೆ. ಹಿಂದಿನಿಂದ ಬಿದ್ದುದು ಲೆಕ್ಕಕ್ಕಿಲ್ಲದ ಒಂದೇ ಪೆಟ್ಟು, ಕೆಡವಿದವರೆಲ್ಲ ಎದುರಿಗೆ ಸಮನೆಲದಲ್ಲಿಯೇ ಇದ್ದವರು, ಇದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂಬುದು ಅವರ ಹೇಳಿಕೆ. ಕಣ್ಣಾರೆ ಕಂಡರೋ, ಕೈಯಾರೆ ಮಾಡಿದರೋ? ಚರಿತ್ರಕಾರರಲ್ಲಿ ಹಲವರು ಅವರು ಬರಿಯ ಪ್ರೇಕ್ಷಕರಾಗಿರಲಿಲ್ಲವೆಂದೇ ಭಾವಿಸಿದ್ದಾರೆ. ಅವರು ಬರೆದುದು ಮಾತ್ರ ಅಷ್ಟೇ. ತನ್ನ ಜೊತೆಯಲ್ಲಿದ್ದವರು ಯಾರು ಯಾರೆಂಬುದನ್ನು ಅವರು ಅಂದೂ ಬಾಯಿ ಬಿಡಲಿಲ್ಲ, ಇಪ್ಪತ್ತೊಂದು ವರ್ಷಗಳ ಬಳಿಕ ಲೇಖನಿ ಹಿಡಿದಾಗಲೂ ಬರೆಯಲಿಲ್ಲ.

ಸರಕಾರವು ಕಾಲೇಜನ್ನು ಮುಚ್ಚಿಸಿತು. ವಿಚಾರಣೆಗಾಗಿ ಸಮಿತಿಯೊಂದನ್ನು ನೇಮಿಸಿತು. ಇದರ ನಡುವೆ ಜೇಮ್ಸರಿಗೂ ಶಿಕ್ಷಣ ಖಾತೆಯನ್ನು ವಹಿಸಿಕೊಂಡಿದ್ದ ಸರಕಾರದ ಸದಸ್ಯರಿಗೂ ಬಿರುಸಾದ ಮಾತು ನಡೆದು, ಮೇಲಧಿಕಾರಿಗೆ ಅಪಮಾನ ಮಾಡಿದರೆಂಬ ಕಾರಣಕ್ಕೆ ಸ್ವತಃ ಪ್ರಿನ್ಸಿಪಾಲರೇ ಸಸ್ಪೆಂಡ್ ಆದರು. ಹುಡುಗರಿಗೆ ಶಿಸ್ತು ಕಲಿಸಹೊರಟವರು ಅಶಿಸ್ತಿನ ಆರೋಪಕ್ಕೆ ಗುರಿಯಾದುದು ವಿಧಿಯ ವಿನೋದವೇ ಸರಿ. ಆದರೆ ಅಧಿಕಾರವು ಕೈಜಾರುವ ಮೊದಲು ಅವರು ತಮ್ಮ ಮನಸ್ಸಿನಲ್ಲಿ ಗುರುತಿಟ್ಟುಕೊಂಡಿದ್ದ ಹುಡುಗರನ್ನು ಕರೆಸಿಕೊಂಡರು. ಸುಭಾಷರನ್ನು ನೋಡಿ, ಕಾಲೇಜಿನಲ್ಲಿ ಇವನಷ್ಟು ಉಪದ್ರವಕಾರಿ ಮತ್ತೊಬ್ಬನಿಲ್ಲವೆಂದು ಹೇಳಿ, ಅಲ್ಲಿಯೇ ಸಸ್ಪೆಂಡ್ ಮಾಡಿದರು. ಸುಭಾಷರು ವಂದನೆ ಹೇಳಿ ಮನೆಗೆ ನಡೆದರು. ಕಾಲೇಜಿನ ಆಡಳಿತ ಮಂಡಲಿಯು ಬೇಗನೆಯೇ ಆ ಅಪ್ಪಣೆಯನ್ನು ಕಾಯಂಗೊಳಿಸಿ ಅವರ ಹೆಸರನ್ನು ಹೊಡೆದುಹಾಕಿತು. ಬೇರೆ ಕಾಲೇಜಿನಲ್ಲಾದರೂ ಓದಲು ಅನುಮತಿ ಕೊಡಬೇಕೆಂದು ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದರು; ಅದೂ ತಿರಸ್ಕೃತವಾಯಿತು. ಹೀಗೆ ಹತ್ತೊಂಬತ್ತರ ತರುಣನಿಗೆ ಒಂದು ಕಾಲೇಜಿನ ಬಾಗಿಲು ಮಾತ್ರವಲ್ಲ, ವಿಶ್ವವಿದ್ಯಾನಿಲಯದ ಬಾಗಿಲೇ ಮುಚ್ಚಿದಂತಾಯಿತು. ಅನಂಗಮೋಹನ ದಾಮ್ ಎಂಬ ಇನ್ನೊಬ್ಬ ವಿದ್ಯಾರ್ಥಿಗೂ ಬಹಿಷ್ಕಾರವಾಯಿತು. ಅವರ ಹೆಸರನ್ನು ನೆನೆಯುವವರು ಈಗ ವಿರಳ.

ಇವರಿಬ್ಬರನ್ನು ಗುರುತಿಸಿದ ಸಾಕ್ಷಿ ಕಾಲೇಜಿನ ಒಬ್ಬ ಜವಾನ. ಓಡಿಹೋಗುತ್ತಿದ್ದ ಹುಡುಗರಲ್ಲಿ ಈ ಇಬ್ಬರನ್ನು ಕಂಡೆನೆಂದು ಆತನು ಹೇಳಿದನು. ಅವನ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಒಬ್ಬ ಹುಡುಗನನ್ನು ಇದೇ ರೀತಿ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಒಂದೇ ಹೊತ್ತಿನಲ್ಲಿ ಲೆಕ್ಕ ತೀರಿಸಿ ಕಳುಹಿಸಿಬಿಟ್ಟದ್ದುಂಟು. ಸಾಕ್ಷಿ ಹೇಳಿದವನಿಗೂ ನಮ್ಮ ಕೈಯಿಂದಲೇ ಪಗಾರ ಸಲ್ಲಬೇಕಾಗಿದ್ದಿತು ಎಂಬುದು ಆಗ ನಮಗೆ ಹೊಳೆಯಲಿಲ್ಲ. ಆ ಹುಡುಗನು ಹಾಸಿಗೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಬಾಗಿಲಿನಿಂದ ಹೊರಟುದು ನಮಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಯಜಮಾನನು ಕೇಳಿದಾಗ ಜವಾನನು ಏನು ಹೇಳಬಲ್ಲನೆಂಬುದನ್ನು ದೊಡ್ಡ ಕಾಲೇಜಿನವರೂ ಚಿಕ್ಕ ಹೋಟೆಲಿನವರೂ ಒಂದಿಷ್ಟು ಯೋಚಿಸಬೇಕಾಗುತ್ತದೆ.

ವಿಚಾರಣಾ ಸಮಿತಿಯ ಅಧ್ಯಕ್ಷರು ಸರ್ ಆಶುತೋಷ ಮುಖರ್ಜಿಯವರು. ಹೈಕೋರ್ಟಿನ ನ್ಯಾಯಾಧೀಶರು, ಹಿಂದೆ ವಿಶ್ವವಿದ್ಯಾನಿಲಯದ ವೈಸ್ ಚಾನ್ಸಲರರಾಗಿದ್ದವರು. ಅವರಿಂದ ನ್ಯಾಯ ದೊರಕೀತೆಂದು ಹುಡುಗರಿಗೆ ಭರವಸೆ. ಸುಭಾಷರೂ ಪ್ರತಿನಿಧಿಯಾಗಿ ಸಮಿತಿಯ ಮುಂದೆ ಹೋದರು. ಓಟನರ ಮೇಲಿನ ಹಲ್ಲೆ ಸರಿಯೆಂದು ಭಾವಿಸುತ್ತೀಯಾ ಎಂಬ ನೇರವಾದ ಪ್ರಶ್ನೆ ಅವರಿಗೆ ಬಂತು. ಅಲ್ಲವೆಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರೆ, ತಪ್ಪಾಯಿತೆಂದು ತಲೆ ತಗ್ಗಿಸಿದ್ದರೆ, ಅವರ ಪಾಲಿಗೆ ಏನಾದರೂ ದಾರಿ ತೆರೆಯುತ್ತಿತ್ತೋ ಏನೋ. ಹಲ್ಲೆಯು ಸಮರ್ಥನೀಯವಲ್ಲ, ಆದರೆ ಹುಡುಗರನ್ನು ಕೆರಳಿಸಿದುದೂ ಅಲ್ಪವಲ್ಲ ಎಂಬ ಉತ್ತರವನ್ನಿತ್ತು, ಹಿಂದಿನ ಕೆಲವು ವರ್ಷಗಳಲ್ಲಿ ಆ ಕಾಲೇಜಿನ ಆಂಗ್ಲ ಅಧ್ಯಾಪಕರು ನಡೆದುಕೊಂಡ ರೀತಿಯನ್ನು ಒಂದೊಂದಾಗಿ ಹೇಳುತ್ತ ಹೋದರು. ಆ ಉತ್ತರದ ಎರಡು ಅರ್ಧಗಳಲ್ಲಿ ಯಾವುದನ್ನೂ ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ಸಮಿತಿಯ ವರದಿಯಲ್ಲಿ ವಿದ್ಯಾರ್ಥಿಗಳ ಪರವಾಗಿ ಒಂದು ಸೊಲ್ಲೂ ಇರಲಿಲ್ಲ, ಹೆಸರೆತ್ತಿ ಬೊಟ್ಟು ಮಾಡಿದುದು ತನ್ನೊಬ್ಬನನ್ನೇ ಎಂದು ಸುಭಾಷರು ಬರೆದುಕೊಂಡಿದ್ದಾರೆ.

ಈ ಪ್ರಕರಣವು ಕಾಲೇಜಿನ ಗೋಡೆಗಳೊಳಗೆ ಉಳಿಯಲಿಲ್ಲ. ಕವಿ ರವೀಂದ್ರನಾಥ ಠಾಕೂರರು ಅದೇ ವಸಂತದಲ್ಲಿ ಬಂಗಾಲಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಲೇಖನ ಬರೆದು, ತರುಣರ ಆತ್ಮಗೌರವವನ್ನು ಕೆಣಕಿ ಬಳಿಕ ಕಾರಾಗೃಹದ ಶಿಸ್ತನ್ನು ವಿದ್ಯಾಮಂದಿರದಲ್ಲಿ ತರುವವರನ್ನು ಖಂಡಿಸಿದರು. ಶಾಂತಿನಿಕೇತನದಲ್ಲಿ ಶಾಲೆ ನಡೆಸುತ್ತಿದ್ದ ಅವರಿಗೆ ಹುಡುಗರ ಸಹವಾಸದ ಕಷ್ಟ ತಿಳಿಯದುದಲ್ಲ.

1916ರ ಮಾರ್ಚ್ ಕೊನೆಗೆ ಸುಭಾಷರು ಕಟಕದ ರೈಲು ಹತ್ತಿದರು. ಆ ರಾತ್ರಿ ಹಲಗೆಯ ಮೇಲೆ ಮಲಗಿ ನಡೆದುದನ್ನೆಲ್ಲ ಮೆಲುಕು ಹಾಕಿದಾಗ ಪಶ್ಚಾತ್ತಾಪವೆನಿಸಲಿಲ್ಲವೆಂದೂ, ಮುಂದಿನ ತನ್ನ ಜೀವನದ ದಿಕ್ಕು ಆ ಪ್ರಿನ್ಸಿಪಾಲರಿಂದಲೇ ನಿಶ್ಚಿತವಾಯಿತೆಂದೂ ಅವರು ಬರೆದಿದ್ದಾರೆ. ಅದು ನಲವತ್ತು ವರ್ಷ ವಯಸ್ಸಾದ, ಕಾಂಗ್ರೆಸಿನ ಅಧ್ಯಕ್ಷಪೀಠದ ಹೊಸ್ತಿಲಲ್ಲಿ ನಿಂತಿದ್ದ ಮನುಷ್ಯನ ಬರಹ. ಅಂದಿನ ಹುಡುಗನಿಗೆ ಆ ರಾತ್ರಿ ನಿದ್ರೆ ಸುಲಭವಾಗಿ ಬಂದಿರಲಾರದೆಂದೇ ನಮಗನಿಸುತ್ತದೆ. ಡಿಗ್ರಿಯಿಲ್ಲದೆ ಮನೆಗೆ ಹಿಂದಿರುಗುವ ಮಗನ ಪಾಡು ಎಂಥದೆಂದು ನಮ್ಮ ಗುಮಾಸ್ತ ಬಂಧುಗಳಿಗೆ ನಾವು ಹೇಳಬೇಕಾದುದಿಲ್ಲ. ಆದರೆ ಮನೆಯಲ್ಲಿ ಅವರು ಅಂಜಿದುದು ನಡೆಯಲಿಲ್ಲ. ಸರಕಾರದ ವಕಾಲತ್ತಿನಿಂದ ಬಾಳುವ ರಾಯಬಹಾದೂರ್ ತಂದೆಯವರು ಮಗನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಂದಾಳಾದವನಿಗೆ ಪೆಟ್ಟು ಬೀಳುವುದೇ ಎಂಬುದು ತಂದೆತಾಯಿಗಳ ಎಣಿಕೆಯಾಗಿದ್ದಂತೆ ಕಂಡಿತು. ಅಣ್ಣಂದಿರಂತೂ ತಮ್ಮನ ಕಡೆಯವರೇ.

ಕಟಕದಲ್ಲಿ ಕಳೆದ ಒಂದು ವರ್ಷವು ಸುಮ್ಮನೆ ಹೋಗಲಿಲ್ಲ. ಕಾಲರಾ, ಸಿಡುಬು ಹಿಡಿದವರ ಶುಶ್ರೂಷೆಗೆ ಗೆಳೆಯರ ತಂಡ ಕಟ್ಟಿಕೊಂಡು ಹೊರಟರು. ಅಲ್ಲಿನ ವಿದ್ಯಾರ್ಥಿನಿಲಯವೊಂದರಲ್ಲಿ ಸಂತಾಲ ಜಾತಿಯ ಹುಡುಗನೊಬ್ಬನಿದ್ದನು. ಕೀಳುಜಾತಿಯವನೆಂದು ಅವನೊಡನೆ ಇರಲೊಲ್ಲದ ಆಳೊಬ್ಬನು ಕೆಲಸ ಬಿಡುವುದಾಗಿ ಬೆದರಿಸಿದಾಗ, ಹೋಗುವುದಾದರೆ ಆಳೇ ಹೋಗಲಿ ಎಂದು ಹುಡುಗರು ನಿಂತರು. ಆ ಸಂತಾಲ ಹುಡುಗನಿಗೆ ಟೈಫಾಯ್ಡ್ ಬಂತು. ಸುಭಾಷರು ಅವನ ಆರೈಕೆಗೆ ಕುಳಿತಾಗ ಆಚಾರವಂತೆಯಾದ ತಾಯಿ ಪ್ರಭಾವತಿದೇವಿಯವರೂ ಬಂದು ಕೈಜೋಡಿಸಿದರು. ಮಗನಿಗೆ ಆಶ್ಚರ್ಯ, ಆನಂದ. ಕಾಲೇಜಿನಿಂದ ಹೊರಬೀಳದಿದ್ದರೆ ತನ್ನ ತಾಯಿಯ ಈ ಗುಣವನ್ನು ಅವರು ಕಾಣುತ್ತಲೇ ಇರಲಿಲ್ಲವೇನೋ.

ವರ್ಷ ಕಳೆದ ಮೇಲೆ ಅದೃಷ್ಟ ಪರೀಕ್ಷೆಗೆ ಪುನಃ ಕಲಕತ್ತೆಗೆ ಬಂದರು. ಕಾಲ ಕಳೆಯಲು ಒಂದು ವಿಚಿತ್ರವಾದ ಪ್ರಯತ್ನವನ್ನೂ ಮಾಡಿದರು: ಯುದ್ಧ ನಡೆಯುತ್ತಿದ್ದ ಕಾಲವಾದುದರಿಂದ ಹೊಸದಾಗಿ ಕಟ್ಟಿದ 49ನೆಯ ಬಂಗಾಲಿ ಪಲ್ಟಣಿಗೆ ಸೇರಲು ಹೋದರು. ಎಲ್ಲ ಪರೀಕ್ಷೆಗಳಲ್ಲಿಯೂ ಗೆದ್ದು ಕಣ್ಣಿನ ಪರೀಕ್ಷೆಯಲ್ಲಿ ಸೋತರು. ಅಷ್ಟರಲ್ಲಿ ವಿಶ್ವವಿದ್ಯಾನಿಲಯದವರ ಮನಸ್ಸು ಮೆದುವಾಗಿ, ಯಾವ ಕಾಲೇಜಾದರೂ ಸೇರಿಸಿಕೊಳ್ಳುವುದಾದರೆ ತಮ್ಮ ಅಡ್ಡಿಯಿಲ್ಲವೆಂದರು. ಆದರೆ ಬಹಿಷ್ಕೃತನನ್ನು ಸೇರಿಸಿಕೊಳ್ಳುವವರಾರು? ಸ್ಕಾಟಿಷ್ ಚರ್ಚ್ ಕಾಲೇಜಿನ ಡಾಕ್ಟರ್ ಅರ್ಕುಹಾರ್ಟರೆಂಬ ಪಾದ್ರಿಗಳು ತತ್ತ್ವಶಾಸ್ತ್ರದ ಅಧ್ಯಾಪಕರು. ಸುಭಾಷರು ಯಾರ ಶಿಫಾರಸೂ ಇಲ್ಲದೆ ಅವರಲ್ಲಿಗೆ ಹೋಗಿ, ತಾನು ಬಹಿಷ್ಕೃತನೆಂಬುದನ್ನು ಮೊದಲೇ ತಿಳಿಸಿ, ಆನರ್ಸ್ ಓದುವ ಇಚ್ಛೆಯನ್ನು ಹೇಳಿದರು. ಪ್ರೆಸಿಡೆನ್ಸಿಯ ಪ್ರಿನ್ಸಿಪಾಲರಿಂದ ಆಕ್ಷೇಪವಿಲ್ಲವೆಂಬ ಚೀಟಿ ತಂದರೆ ಸೇರಿಸಿಕೊಳ್ಳುವೆವೆಂದು ಅವರು ಒಪ್ಪಿದರು. ಅಣ್ಣ ಶರಚ್ಚಂದ್ರರು ಅಲ್ಲಿನ ಹೊಸ ಪ್ರಿನ್ಸಿಪಾಲರನ್ನು ಕಂಡು ಚೀಟಿ ತಂದರು. ಬಹಿಷ್ಕಾರಕ್ಕೆ ಸಮಿತಿ, ಮಂಡಲಿ, ಸೆನೆಟುಗಳೆಲ್ಲ ಬೇಕಾಗಿದ್ದುವು; ಅದರ ಪರಿಹಾರಕ್ಕೆ ಒಂದು ಚೀಟಿ ಸಾಕಾಯಿತು. ಚೀಟಿ ತರಬಲ್ಲ ಅಣ್ಣನಿಲ್ಲದವರ ಗತಿಯೇನು ಎಂಬ ಪ್ರಶ್ನೆ ಮಾತ್ರ ನಮ್ಮನ್ನು ಬಿಡುವುದಿಲ್ಲ.

1917ರ ಜುಲೈಯಲ್ಲಿ ಮೂರನೆಯ ವರ್ಷದ ವರ್ಗಕ್ಕೆ ಪುನಃ ಕುಳಿತರು. ವಿಶ್ವವಿದ್ಯಾನಿಲಯದ ಸೈನಿಕ ತುಕಡಿಯನ್ನೂ ಸೇರಿದರು. ಗ್ರೇ ಎಂಬ ಒರಟು ಸ್ಕಾಟಿಷ್ ಕ್ಯಾಪ್ಟನನ ಕೈಕೆಳಗೆ ನಾಲ್ಕು ತಿಂಗಳ ಡೇರೆಯ ವಾಸ, ಕವಾಯತು, ಬಂದೂಕಿನ ಅಭ್ಯಾಸ. ಪ್ರೊಫೆಸರನ ಗದರಿಕೆಯನ್ನು ತಾಳದ ಹುಡುಗರು ಆ ಕ್ಯಾಪ್ಟನನ ಗದರಿಕೆಯನ್ನು ನಗುನಗುತ್ತ ತಾಳಿದರು. ಅವನು ಒಳಗಿನಿಂದ ಒಳ್ಳೆಯವನೆಂದು ಅವರಿಗೆ ತಿಳಿದಿತ್ತು. 1919ರಲ್ಲಿ ತತ್ತ್ವಶಾಸ್ತ್ರದಲ್ಲಿ ಪ್ರಥಮ ವರ್ಗದಲ್ಲಿ ಎರಡನೆಯ ಸ್ಥಾನ ಪಡೆದು ಬಿ. ಎ. ಆದರು. ವಿಲಾಯತಿಗೆ ಹೋಗಿ ಐ. ಸಿ. ಎಸ್. ಪರೀಕ್ಷೆಗೆ ಕುಳಿತುಕೊಳ್ಳುವೆಯಾ ಎಂದು ತಂದೆಯವರು ಕೇಳಿ, ಯೋಚಿಸಲು ಇಪ್ಪತ್ತನಾಲ್ಕು ಗಂಟೆ ಕೊಟ್ಟರು. ಪಾಸ್‌ಪೋರ್ಟಿಗೆ ಪೋಲೀಸರ ಅಭಿಪ್ರಾಯ ಬೇಕು. ಬಹಿಷ್ಕಾರದ ಕಪ್ಪುಚುಕ್ಕೆ ಕಾಗದದಲ್ಲಿತ್ತು. ಪೋಲೀಸು ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬರಿಂದಾಗಿ ಅದು ಆರು ದಿನಗಳಲ್ಲಿ ಕೈಸೇರಿತು. ಇದನ್ನೂ ಸುಭಾಷರು ಮುಚ್ಚಿಡದೆ ಬರೆದಿದ್ದಾರೆ.

ಸಪ್ಟೆಂಬರ್ 15ರಂದು ಹಡಗು ಹತ್ತಿದರು. ಕೇಂಬ್ರಿಜ್ ಸೇರಿ ಎಂಟು ತಿಂಗಳ ಓದಿನಲ್ಲಿ 1920ರ ಐ. ಸಿ. ಎಸ್. ಪರೀಕ್ಷೆಯಲ್ಲಿ ನಾಲ್ಕನೆಯವರಾಗಿ ತೇರ್ಗಡೆ ಹೊಂದಿದುದೂ, 1921ರ ಎಪ್ರಿಲ್ 22ರಂದು ಆ ಉದ್ಯೋಗಕ್ಕೆ ರಾಜೀನಾಮೆ ಕೊಟ್ಟುದೂ ಎಲ್ಲರೂ ಬಲ್ಲ ಸಂಗತಿ. ಜುಲೈ 16ರಂದು ಅವರು ಇಳಿದುದು ನಮ್ಮ ಈ ಮುಂಬಯಿಯ ಬಂದರಿನಲ್ಲಿಯೇ. ಅಂದು ಮಧ್ಯಾಹ್ನವೇ ಗಾಂವದೇವಿಯ ಮಣಿಭವನಕ್ಕೆ ಹೋಗಿ ಗಾಂಧೀಜಿಯವರನ್ನು ಕಂಡರು. ಖಾದಿಧಾರಿಗಳ ನಡುವೆ ವಿಲಾಯತಿ ಉಡುಪಿನಲ್ಲಿ ನಿಂತು ಸಂಕೋಚಪಟ್ಟರು. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಉತ್ತರದಿಂದ ಪೂರ್ಣ ತೃಪ್ತಿಯಾಗದೆ, ಗಾಂಧೀಜಿಯವರ ಸಲಹೆಯಂತೆ ಕಲಕತ್ತೆಗೆ ಹೋಗಿ ದೇಶಬಂಧು ಚಿತ್ತರಂಜನ ದಾಸರಲ್ಲಿ ತಮ್ಮ ನಾಯಕನನ್ನು ಕಂಡುಕೊಂಡರು. ದೇಶಬಂಧುಗಳು ಅವರಿಗೆ ವಹಿಸಿದ ಮೊದಲ ಕೆಲಸಗಳಲ್ಲಿ ಒಂದು ಯಾವುದು ಗೊತ್ತೇ? ಅಸಹಕಾರದಲ್ಲಿ ಸರಕಾರಿ ಕಾಲೇಜುಗಳನ್ನು ಬಿಟ್ಟುಬಂದ ಹುಡುಗರಿಗಾಗಿ ತೆರೆದ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರ ಹುದ್ದೆ. ಐದು ವರ್ಷಗಳ ಹಿಂದೆ ಪ್ರಿನ್ಸಿಪಾಲರಿಂದ ಹೊರದೂಡಲ್ಪಟ್ಟವರು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತಾವೇ ಪ್ರಿನ್ಸಿಪಾಲರಾದರು! ಆ ಕುರ್ಚಿಯಲ್ಲಿ ಹೆಚ್ಚು ದಿನ ಕೂರಲು ಸರಕಾರ ಬಿಡಲಿಲ್ಲ. ದಶಂಬರದಲ್ಲಿ ಸೆರೆಮನೆಗೆ ಕಳುಹಿಸಿತು.

ಮುಂದಿನ ಕಥೆಯನ್ನು, ಅಂದರೆ ಮಂಡಾಲೆಯ ಸೆರೆವಾಸ, ಕಲಕತ್ತೆಯ ಮೇಯರ್ ಪದವಿ, ಹರಿಪುರಾ ಅಧಿವೇಶನಗಳನ್ನು, ನಾವಿಲ್ಲಿ ವಿಸ್ತರಿಸುವುದಿಲ್ಲ. ನಮ್ಮ ವಿಷಯಕ್ಕೆ ಸಂಬಂಧಪಟ್ಟ ಎರಡು ಘಟನೆಗಳನ್ನು ಮಾತ್ರ ಹೇಳುತ್ತೇವೆ.

1928ರಲ್ಲಿ ಕಲಕತ್ತೆಯ ಸಿಟಿ ಕಾಲೇಜಿಗೆ ಸೇರಿದ ರಾಮಮೋಹನ ರಾಯ್ ಹಾಸ್ಟೆಲಿನಲ್ಲಿ ಸರಸ್ವತೀಪೂಜೆಯ ಪ್ರಶ್ನೆ ಎದ್ದಿತು. ಬ್ರಾಹ್ಮಸಮಾಜದವರು ನಡೆಸುತ್ತಿದ್ದ ಸಂಸ್ಥೆಯಾದುದರಿಂದ ಅಲ್ಲಿ ಮೂರ್ತಿಪೂಜೆಗೆ ಅವಕಾಶವಿರಲಿಲ್ಲ. ಹುಡುಗರು ನಿಯಮವನ್ನು ಮೀರಿ ಪೂಜೆ ಮಾಡಿದರು. ಆಡಳಿತದವರು ಕ್ರಮ ಕೈಗೊಂಡರು. ಸುಭಾಷರು ಹುಡುಗರ ಪಕ್ಷ ವಹಿಸಿದರು. ಈ ಸಲ ರವೀಂದ್ರನಾಥರು ಎದುರು ಪಕ್ಷದಲ್ಲಿದ್ದರು. ಅನ್ಯರ ಮನೆಯ ನಿಯಮವನ್ನು ಒಪ್ಪಿ ಒಳಗೆ ಬಂದವರು ಅದನ್ನು ಬಲಾತ್ಕಾರದಿಂದ ಮುರಿಯುವುದು ಸ್ವಾತಂತ್ರ್ಯವಲ್ಲವೆಂಬುದು ಕವಿಯ ವಾದ. 1916ರಲ್ಲಿ ಸುಭಾಷರ ಪಾಲಿಗೆ ಸತ್ಯ ಹೆಚ್ಚು ಇದ್ದಿತು. 1928ರಲ್ಲಿ ಕವಿಯ ಪಾಲಿಗೆ ಹೆಚ್ಚು ಇದ್ದಿತೆಂದು ನಾವು ತಿಳಿಯುತ್ತೇವೆ. ತಾನು ಪೆಟ್ಟು ತಿಂದ ಜಾಗದಲ್ಲಿಯೇ ಮತ್ತೊಬ್ಬನಿಗೂ ಪೆಟ್ಟು ಬೀಳುತ್ತಿದೆಯೆಂದು ಭಾವಿಸುವುದು ಮನುಷ್ಯ ಸಹಜ. ಸುಭ್ರಮೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಎರಡನೆಯದು 1939ರದು. ಗಾಂಧೀಜಿಯವರ ಇಷ್ಟಕ್ಕೆ ವಿರೋಧವಾಗಿ ಎರಡನೆಯ ಬಾರಿ ಕಾಂಗ್ರೆಸಿನ ಅಧ್ಯಕ್ಷರಾಗಿ ಚುನಾಯಿತರಾದ ಸುಭಾಷರು ಎಪ್ರಿಲ್ ತಿಂಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಕಾಂಗ್ರೆಸ್ ಸಮಿತಿಯ ಠರಾವುಗಳ ವಿರುದ್ಧ ಜುಲೈಯಲ್ಲಿ ದೇಶವ್ಯಾಪಿ ಪ್ರತಿಭಟನೆಯನ್ನು ಏರ್ಪಡಿಸಿದರೆಂದು ಆಗಸ್ಟ್ ತಿಂಗಳಲ್ಲಿ ಕಾರ್ಯಕಾರಿ ಸಮಿತಿಯು ಅವರ ಮೇಲೆ ಶಿಸ್ತಿನ ಕ್ರಮ ಕೈಗೊಂಡು, ಮೂರು ವರ್ಷಗಳ ಕಾಲ ಯಾವ ಚುನಾಯಿತ ಸ್ಥಾನಕ್ಕೂ ಅನರ್ಹರೆಂದು ಸಾರಿತು. ಆರೋಪದ ಹೆಸರು ಹಳೆಯದೇ: ಅಶಿಸ್ತು. ಈ ಸಲ ಯಾವ ಪಾದ್ರಿಯೂ ಬಾಗಿಲು ತೆರೆಯಲಿಲ್ಲ, ಅಣ್ಣನ ಚೀಟಿಯೂ ನಡೆಯುವಂತಿರಲಿಲ್ಲ. 1941ರ ಜನವರಿಯ ಒಂದು ರಾತ್ರಿ ಪೋಲೀಸರ ಕಾವಲನ್ನು ತಪ್ಪಿಸಿ ಮನೆಯಿಂದ ಹೊರಟ ಸುಭಾಷರು ಮತ್ತೆ ಕಲಕತ್ತೆಯನ್ನು ಕಾಣಲಿಲ್ಲ. 1945ರ ಆಗಸ್ಟ್ 18ರಂದು ತೈಹೊಕುವಿನಲ್ಲಿ ವಿಮಾನಾಪಘಾತಕ್ಕೆ ತುತ್ತಾದರು.

ಓಟನ್ ಸಾಹೇಬರ ವಿಷಯವನ್ನು ಹೇಳಿ ಮುಗಿಸುತ್ತೇವೆ. ಪೆಟ್ಟು ತಿಂದ ಅವರು ದೇಶ ಬಿಟ್ಟು ಓಡಲಿಲ್ಲ. ಬಂಗಾಲದಲ್ಲಿಯೇ ಉಳಿದು ಆ ಪ್ರಾಂತದ ವಿದ್ಯಾ ಇಲಾಖೆಯ ಡೈರೆಕ್ಟರರ ಪದವಿಯವರೆಗೂ ಏರಿ, ಬಳಿಕ ಸ್ವದೇಶಕ್ಕೆ ಹಿಂದಿರುಗಿದರು. ತಮ್ಮನ್ನು ಹೊಡೆದವನೆಂದು ಹೆಸರಾದ ವಿದ್ಯಾರ್ಥಿಗಿಂತ ಹದಿಮೂರು ವರ್ಷ ಹಿರಿಯರಾದ ಅವರು ಅವನಿಗಿಂತ ಇಪ್ಪತ್ತೆಂಟು ವರ್ಷ ಹೆಚ್ಚು ಬದುಕಿ 1973ರಲ್ಲಿ ತೀರಿಕೊಂಡರು. ಕವಿತೆ ಕಟ್ಟುವ ಹವ್ಯಾಸ ಅವರಿಗಿತ್ತು. ಸುಭಾಷರ ಮರಣವಾರ್ತೆ ತಿಳಿದ ಮೇಲೆ ಅವರು ಒಂದು ಚಿಕ್ಕ ಕವಿತೆಯನ್ನು ಬರೆದರು. ಅದರಲ್ಲಿ ಅವರು ಸುಭಾಷರನ್ನು ಹೆಸರು ಹಿಡಿದು ಕರೆದು, ಅಂದು ಆ ಕೈಯಿಂದ ತಮಗಾದ ನೋವನ್ನು ನೆನೆದು, ಅದನ್ನು ಮರೆಯಲಿಚ್ಛಿಸುವೆನೆಂದು ಬರೆದಿದ್ದಾರೆ.